ಪಾರಿವಾಳದ ಪಾದಪೂಜೆ

ಪೊಳ್ಳಾಚಿಯಲ್ಲಿ ಒಳ್ಳೆಯ ಎತ್ತು ಸಾಕಿದವನಿಗೆ ಮರ್ಯಾದೆ ಇದೆ, ತೆಂಗಿನ ತೋಪಿದ್ದವನಿಗೆ ಇನ್ನೂ ಹೆಚ್ಚು. ಜರ್ಮನಿಯ ಬಣ್ಣದ ಪಾರಿವಾಳ ಸಾಕಿದವನ ಗತಿ ಬೇರೆ. ಪಕ್ಕದ ಗೌಂಡರು ಗೂಡಿನೊಳಗೆ ಇಣುಕಿ ಕೇಳಿದರು:

“ಎಷ್ಟು ದೂರ ಹಾರುತ್ತೆ, ತಂಬಿ?”

“ಹಾರಿಸಲ್ಲ.”

“ಪಲ್ಟಿ ಹೊಡೆಯುತ್ತಾ?”

“ಇಲ್ಲ.”

“ಮತ್ತೇನು ಮಾಡುತ್ತೆ?”

“ನಿಂತ್ಕೊಳ್ಳುತ್ತೆ.”

ನಿಜಕ್ಕೂ ಅದರ ಕೆಲಸ ಅಷ್ಟೇ. ನನ್ನದು ಸ್ಯಾಕ್ಸನ್ ಸ್ವಾಲೋ. ಮೈ ಬಿಳಿ, ರೆಕ್ಕೆಗೆ ಬಣ್ಣ, ಪಾದದಿಂದ ಆಚೀಚೆ ಚಾಚಿದ ಬೆರಳುದ್ದದ ಗರಿಗಳಿಗೂ ಬಣ್ಣ. ಬಣ್ಣದ ರೆಕ್ಕೆಯಲ್ಲಿ ಒಂದು ಬಿಳಿ ಗರಿ ಕಂಡರೂ ಪ್ರದರ್ಶನದ ತೀರ್ಪುಗಾರ ಮುಖ ಗಂಟಿಕ್ಕುತ್ತಾನೆ. ಕಾಲಿನ ಗರಿ ಮುರಿದಿದ್ದರಂತೂ ಮಾತೇ ಇಲ್ಲ.

ಆ ಗರಿಗೂ ನಮ್ಮೂರಿಗೂ ಜನ್ಮವೈರ. ಜೂನ್ ಬಂತೆಂದರೆ ಪಾಲಕ್ಕಾಡಿನ ಕಡೆಯಿಂದ ಗಾಳಿ ನುಗ್ಗಿ ನಾರಿನ ಮಿಲ್ಲುಗಳ ದೂಳನ್ನೆಲ್ಲ ಮನೆಗೆ ತಂದು ಸುರಿಯುತ್ತದೆ. ನನ್ನ ಹಕ್ಕಿ ಅದನ್ನು ಕಾಲಲ್ಲೇ ಗುಡಿಸುತ್ತದೆ. ಅದಕ್ಕೇ ಗೂಡಿನ ನೆಲಕ್ಕೆ ಜಾಲರಿ ಹಾಕಿಸಿದ್ದೇನೆ. ಪ್ರದರ್ಶನಕ್ಕೆ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದೇ ಗರಿ ತೊಳೆದು, ಬುಡದಿಂದ ತುದಿಗೆ ನೇವರಿಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸುತ್ತೇನೆ. ಇದನ್ನು ನೋಡುತ್ತಾ ಕೂತಿದ್ದ ಅವ್ವ ಒಮ್ಮೆ, “ಮದುವೇಲಿ ನಿಮ್ಮ ಮಾವ ಕೂಡ ನಿನ್ನ ಕಾಲನ್ನ ಇಷ್ಟು ಚೆನ್ನಾಗಿ ತೊಳೀಲಿಲ್ಲ ಕಣಪ್ಪಾ” ಅಂದಳು.

ಸಂಸಾರಕ್ಕೂ ಈ ಕಾಲೇ ಅಡ್ಡಿ. ಇಡುವುದೇ ಎರಡು ಮೊಟ್ಟೆ, ಕಾವು ಹದಿನೇಳು ಹದಿನೆಂಟು ದಿನ. ಅಷ್ಟರಲ್ಲಿ ಗರಿ ತಗುಲಿ ಮೊಟ್ಟೆ ಉರುಳಿಬಿಡುತ್ತದೆ. ಹಾಗಾಗಿ ಜೋಡಿ ಕಟ್ಟುವಾಗ ಕಾಲಿನ ಗರಿ ಕತ್ತರಿಸಬೇಕು. ಕತ್ತರಿಸಿದರೆ ಮುಂದಿನ ಗರಿ ಉದುರುವ ಕಾಲದವರೆಗೆ ಪ್ರದರ್ಶನ ಮರೆತಂತೆಯೇ. ಅಪ್ಪನಾಗು, ಇಲ್ಲವೇ ಸುಂದರನಾಗು!

ಆದರೂ ಗಂಡು ಒಳ್ಳೆಯ ಅಪ್ಪ. ಹೊತ್ತೇರಿದ ಮೇಲೆ ಸಂಜೆವರೆಗೆ ಅದರ ಪಾಳಿ, ರಾತ್ರಿಯೆಲ್ಲ ಹೆಣ್ಣಿನದು. ಗಂಟಲಚೀಲದಲ್ಲಿ ಊರುವ ಹಾಲನ್ನು ಮರಿಗಳಿಗೆ ಎರಡೂ ಊಡುತ್ತವೆ. ಈ ಸಂಗತಿಯನ್ನು ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ನನ್ನ ಮುಖ ನೋಡುತ್ತಲೇ ಹೇಳುತ್ತಾಳೆ. ಮರಿಗೆ ವಾರ ತುಂಬುವ ಹೊತ್ತಿಗೆ ಕಾಲಿಗೆ ಉಂಗುರ ಹಾಕಬೇಕು. ತಡವಾದರೆ ಪಾದ ಬೆಳೆದು ಉಂಗುರ ಏರುವುದಿಲ್ಲ. ನೆಂಟರ ಮದುವೆ ಸರಿಯಾಗಿ ಅದೇ ದಿನ ಬೀಳುತ್ತದೆ!

ಯಾರಾದರೂ ಹುಚ್ಚು ಅಂದರೆ ಡಾರ್ವಿನ್‌ನನ್ನು ಮುಂದೆ ನಿಲ್ಲಿಸುತ್ತೇನೆ. ಆತನೂ ಪಾರಿವಾಳ ಸಾಕಿದವನೇ, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳಿಗೆ ಸೇರಿದ್ದವನು. 1859ರ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅವುಗಳ ತಳಿಪುರಾಣ ಬಿಚ್ಚಿದ್ದಾನೆ. “ಅವನು ಪುಸ್ತಕವಾದರೂ ಬರೆದ” ಎನ್ನುತ್ತಾಳೆ ಹೆಂಡತಿ.

ಈ ಸಲ ಮರಿಗಳು ಚೆನ್ನಾಗಿ ಎದ್ದಿವೆ. ನೋಡಬೇಕೆನಿಸಿದವರು ಧಾರಾಳವಾಗಿ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಬನ್ನಿ.