ಹೊನ್ನಾಳಿ ಸೀಮೆಯಲ್ಲಿ ಅನುಭವ ಬರಹ: ಕೆಲವು ಸುರಕ್ಷಿತ ವಿಧಾನಗಳು

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಒಂದೇ ಸಮ ಬೀಳುವುದಿಲ್ಲ. ಆತ್ಮಕಥನದ ಇಳುವರಿ ಮಾತ್ರ ಎಲ್ಲ ಕಡೆ ಒಂದೇ. ಬಿತ್ತನೆ ಅರವತ್ತನೇ ವಯಸ್ಸಿಗೆ ಶುರುವಾಗುತ್ತದೆ: ನೌಕರನಾದರೆ ಪಿಂಚಣಿ ಮಂಜೂರಾದ ತಿಂಗಳು, ರೈತನಾದರೆ ಮಗ ತೋಟದ ಲೆಕ್ಕ ಕೇಳಲು ಹತ್ತಿದ ತಿಂಗಳು. ಈ ಬೆಳೆಯನ್ನು ಹತ್ತಿರದಿಂದ ನೋಡಿಕೊಂಡು ಬಂದ ತಜ್ಞನಾಗಿ ನಾಲ್ಕು ಮಾತು ಹೇಳುವುದು ನನ್ನ ಕರ್ತವ್ಯ. ನನ್ನನ್ನು ತಜ್ಞ ಎಂದವರು ಯಾರು ಎಂದು ಕೆಲವರು ಕೇಳುವುದುಂಟು. ನಮ್ಮ ಬರಹ ಶಿಬಿರದ ಬ್ಯಾನರಿನಲ್ಲಿ ಹಾಗೆ ಅಚ್ಚಾಗಿದೆ. ಬ್ಯಾನರು ಬರೆಸಿದವನು ನಾನೇ ಆದ್ದರಿಂದ ಮಾಹಿತಿ ಖಚಿತ.

ಶಿಬಿರಕ್ಕೆ ಬಂದವರು ಮೊದಲು ಕೇಳುವುದು, “ಎಲ್ಲಿಂದ ಶುರು ಮಾಡ್ಲಿ ಸಾರ್?” ಎಂದು. ಎಲ್ಲಿಂದಾದರೂ ಮಾಡಿ, ನಿಮ್ಮಿಂದ ಮಾತ್ರ ಬೇಡ ಎನ್ನುತ್ತೇನೆ. ಹೊನ್ನಾಳಿಯವರು ತುಂಗಭದ್ರೆಯಿಂದ ಹೊರಡಬೇಕು. ಅದೂ ಹೊನ್ನಾಳಿ ಸೇತುವೆಯ ಕೆಳಗಿನ ತುಂಗಭದ್ರೆಯಿಂದಲ್ಲ, ಗಂಗಾಮೂಲದಿಂದ. ಅಲ್ಲಿ ತುಂಗೆ ಹುಟ್ಟಿ, ಭದ್ರೆ ಹುಟ್ಟಿ, ಎರಡೂ ಬೇರೆ ಬೇರೆ ದಾರಿ ಹಿಡಿದು ಕೂಡಲಿಯಲ್ಲಿ ಸೇರುವಷ್ಟರಲ್ಲಿ ಹನ್ನೆರಡು ಪುಟ ಸಲೀಸಾಗಿ ಮುಗಿಯುತ್ತದೆ. ಲೇಖಕ ಇನ್ನೂ ಹುಟ್ಟಿಲ್ಲ, ಆದ್ದರಿಂದ ಯಾರ ಮನಸ್ಸಿಗೂ ನೋವಾಗಿಲ್ಲ. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ ಇದೆ. ಹೊದಿಗೆರೆಯವರಂತೂ ಪುಣ್ಯವಂತರು. ಶಿವಾಜಿಯ ತಂದೆ ಶಹಾಜಿ 1664ರಲ್ಲಿ ತೀರಿಕೊಂಡದ್ದು ಆ ಊರಿನ ಹತ್ತಿರವೇ, ಸಮಾಧಿಯೂ ಅಲ್ಲೇ ಇದೆ. ಮೂರು ಅಧ್ಯಾಯ ಅವರ ಹೆಸರಿನಲ್ಲಿ ದಾಟಿಬಿಡಬಹುದು. ಜಗಳೂರಿಗೆ ಹೊಳೆಯಿಲ್ಲ, ಬರ ಇದೆ. ಬರದ ವಿಷಯ ಬರೆದರೆ ಯಾರಾದರೂ ಕಾರಣ ಕೇಳುವ ಅಪಾಯವಿದೆ. ಹಾಗಾಗಿ ಅವರು ರಂಗಯ್ಯನದುರ್ಗದ ಕೊಂಡುಕುರಿಯಿಂದ ಆರಂಭಿಸಲಿ. ಅದಕ್ಕೆ ನಾಲ್ಕು ಕೊಂಬು, ಕೊಂಬಿಗೊಂದು ಪುಟ ಎಂದರೂ ಆಯಿತು.

ನಮ್ಮ ಭಾಗದವರಿಗೆ ಇನ್ನೊಂದು ಅನುಕೂಲ ಉಂಟು. 1997ರ ಆಗಸ್ಟ್ 15ರಂದು ಹೊನ್ನಾಳಿ, ಚನ್ನಗಿರಿಯ ಜನ ಶಿವಮೊಗ್ಗ ಜಿಲ್ಲೆ ಬಿಟ್ಟು, ಜಗಳೂರಿನವರು ಚಿತ್ರದುರ್ಗ ಬಿಟ್ಟು, ದಾವಣಗೆರೆ ಜಿಲ್ಲೆಗೆ ಬಂದು ನೆಲೆಸಿದರು. ಹಾಸಿಗೆಯಿಂದ ಏಳದೆ ಮಾಡಿದ ವಲಸೆ ಅದು. ನ್ಯಾಮತಿಯವರು ಆಮೇಲೆ ತಾಲ್ಲೂಕನ್ನೂ ಬದಲಾಯಿಸಿದರು. ಇದನ್ನು ‘ನನ್ನ ಅಲೆಮಾರಿ ಬದುಕು’ ಎಂಬ ಶೀರ್ಷಿಕೆಯಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಪಕ್ಕದ ಹರಪನಹಳ್ಳಿಯವರ ಮುಂದೆ ಮಾತ್ರ ಇದನ್ನು ಓದಬೇಡಿ. ಅವರು ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು ಕೂತಲ್ಲೇ ಮೂರು ಸಲ ಸುತ್ತಿದವರು. ಅವರದು ಪ್ರವಾಸಕಥನದ ವಿಭಾಗಕ್ಕೆ ಸೇರುತ್ತದೆ.

ಹುಟ್ಟನ್ನು ಎಷ್ಟು ಮುಂದೂಡಿದರೂ ಒಂದು ಹಂತದಲ್ಲಿ ಅನುಭವ ಎದುರಾಗಿಯೇ ಆಗುತ್ತದೆ. ಆಗ ಗಾಬರಿಯಾಗಬಾರದು. ನಮ್ಮಲ್ಲಿ ಹಸಿ ಅಡಿಕೆಯನ್ನು ಯಾರಾದರೂ ಹಾಗೇ ಚೀಲಕ್ಕೆ ತುಂಬಿ ಅಡಿಕೆ ಮಾರಾಟ ಸಂಘವಾದ ತುಮ್ಕೋಸ್‌ಗೆ ಒಯ್ಯುತ್ತಾರೆಯೇ? ಸುಲಿದು, ಚೊಗರು ಹಾಕಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಬಣ್ಣ ಬಂದ ಮೇಲಲ್ಲವೇ ಅದು ರಾಶಿ ಇಡಿ ಆಗುವುದು? ಅನುಭವಕ್ಕೂ ಅದೇ ಸಂಸ್ಕರಣೆ. ಚೆನ್ನಾಗಿ ಬೆಂದ ಅನುಭವದಲ್ಲಿ ಯಾರ ಮನೆಯದು, ಯಾವ ಹೊಲದ್ದು ಎಂಬ ಗುರುತು ಉಳಿಯಕೂಡದು.

ಶಿಬಿರಾರ್ಥಿಯೊಬ್ಬರ ಉದಾಹರಣೆ ಕೊಡುತ್ತೇನೆ. ಹೊಳೆಸಾಲಿನ ಹಳ್ಳಿಯೊಂದರ ರೈತರು, ಹೆಸರು ಬೇಡ. ಮೊದಲ ದಿನ ಅವರು ತಂದ ಹಸಿ ಸರಕು ಹೀಗಿತ್ತು:

“ಅಪ್ಪನ ಜತೆ ಹೊನ್ನಾಳಿಗೆ ಮೆಕ್ಕೆಜೋಳ ಮಾರಲು ಹೋಗಿದ್ದೆ. ಎಂಟು ಚೀಲ. ಸಾಹುಕಾರ ಒಂದು ಕಾಳು ತಗೊಂಡು ಹಲ್ಲಲ್ಲಿ ಕಡಿದು ತೇವ ಐತೆ ಅಂದ. ರೇಟಿನಲ್ಲಿ ಮುರಿದ. ಅಪ್ಪ ಏನೂ ಅನ್ನಲಿಲ್ಲ. ಕೆಳಗೆ ಉದುರಿದ್ದ ಕಾಳನ್ನು ಹಮಾಲರ ಕಾಲ ಬುಡದಿಂದ ಟವೆಲಿಗೆ ಬಳಿದುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿದ. ತನಗೆ ಹಸಿವಿಲ್ಲ ಅಂದ. ಮನೆಗೆ ಬಂದು ನಾಲ್ಕು ರೊಟ್ಟಿ ತಿಂದ.”

ದೋಷಗಳನ್ನು ಗಮನಿಸಿ. ಒಂದು ಗಾದೆಯಿಲ್ಲ. ಒಂದು ವಚನವಿಲ್ಲ. ತಂದೆಗೆ ಬಹುವಚನವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪುಸ್ತಕ ಬಿಡುಗಡೆಯ ಊಟದ ಖರ್ಚು ವಹಿಸಿಕೊಳ್ಳಬಹುದಾದ ಏಕೈಕ ವ್ಯಕ್ತಿ ಊರಿನಲ್ಲಿ ಆ ಸಾಹುಕಾರರ ಮಗ. ರೊಟ್ಟಿಯ ಲೆಕ್ಕ ಯಾಕೆ ಬೇಕಿತ್ತು ಎಂದು ಕೇಳಿದೆ. “ಅವತ್ತು ಅಷ್ಟೇ ತಿಂದದ್ದು ಸಾರ್” ಎಂದರು. ಸಾಹಿತ್ಯಕ್ಕೂ ಪಡಿತರಕ್ಕೂ ಇರುವ ವ್ಯತ್ಯಾಸವನ್ನು ತಿಳಿಹೇಳಿ, ಎರಡು ಗಂಟೆ ಕೂತು ಸಂಸ್ಕರಿಸಿಕೊಟ್ಟೆ:

“ನಮ್ಮ ಪೂಜ್ಯ ತಂದೆಯವರು ಕಾಯಕಜೀವಿಗಳು. ರೈತನೇ ದೇಶದ ಬೆನ್ನೆಲುಬು ಎಂಬುದಕ್ಕೆ ಸಾಕ್ಷಿಯಂತಿದ್ದರು. ಮಾರುಕಟ್ಟೆಯ ಏರಿಳಿತಗಳನ್ನು ಸಮಚಿತ್ತದಿಂದ ಸ್ವೀಕರಿಸುತ್ತ, ಬದುಕು ಬೇವು-ಬೆಲ್ಲದ ಮಿಶ್ರಣ ಎಂಬ ಪಾಠವನ್ನು ಎಳವೆಯಲ್ಲೇ ನನಗೆ ಉಣಬಡಿಸಿದರು.”

ಇದನ್ನು ದಾವಣಗೆರೆಯಲ್ಲಿ ಓದಿ, ಧಾರವಾಡದಲ್ಲಿ ಓದಿ, ಯಾರ ತಂದೆಗೆ ಬೇಕಾದರೂ ಸರಿಹೊಂದುತ್ತದೆ. ಶ್ರದ್ಧಾಂಜಲಿ ಕಾರ್ಡಿನಲ್ಲಿ ಬಳಸಲೂ ಬರುತ್ತದೆ.

ಇಷ್ಟೊಂದು ಎಚ್ಚರ ಯಾಕೆ ಎನ್ನುವವರಿಗೆ ಅನುಭವ ಬರಹವನ್ನು ಯಾರು ಓದುತ್ತಾರೆ ಎಂಬುದು ಗೊತ್ತಿಲ್ಲ. ಅದರೊಳಗೆ ಬಂದವರು ಓದುತ್ತಾರೆ, ಬಾರದವರು ಇನ್ನೂ ಹೆಚ್ಚು ಸೂಕ್ಷ್ಮವಾಗಿ ಓದುತ್ತಾರೆ. ಇದೇ ರೈತರಿಗೆ, ಪುಸ್ತಕ ಇನ್ನೂ ಹಸ್ತಪ್ರತಿಯಲ್ಲಿರುವಾಗಲೇ ಅವರ ಚಿಕ್ಕಪ್ಪನ ಫೋನು ಬಂತು.

“ಏನಪ್ಪಾ, ಬಾವಿ ನೀರಿಂದು ಬರ್ದಿದೀಯಂತೆ? ನಾನು ಪಾಲು ಕೊಡ್ಲಿಲ್ಲ ಅಂತ?”

“ಇಲ್ಲ ಚಿಕ್ಕಪ್ಪ, ನಿಮ್ ಸುದ್ದೀನೇ ಎತ್ತಿಲ್ಲ.”

“ಹಂಗಾರೆ ನಾನು ನಿಮ್ ಮನೆತನದಾಗೆ ಇರ್ಲೇ ಇಲ್ಲೇನು?”

‘ಹೊನ್ನಾಳಿ ಹೊಡೆತ’ ಎಂಬ ಮಾತು ನಾಡಿಗೆಲ್ಲ ಗೊತ್ತಿದೆ. ಅದು ಹೇಗೆ ಬಂತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ವಿವರಣೆ. ಮೊದಲ ಹೊಡೆತ ತಿಂದವನು ಸಂಸ್ಕರಿಸದ ಆತ್ಮಕಥೆ ಬರೆದವನೇ ಇರಬೇಕು ಎಂಬುದು ನನ್ನ ಸಂಶೋಧನೆ. ಆಧಾರ ಇನ್ನೂ ಸಿಕ್ಕಿಲ್ಲ.

ಓದಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಬೇಕು. ಕೆಲವು ಪುಸ್ತಕಗಳಿಂದ ಶಿಬಿರಾರ್ಥಿಗಳನ್ನು ದೂರ ಇಟ್ಟಿದ್ದೇನೆ. ಹೊನ್ನಾಳಿಯಿಂದ ದೂರವೇನಲ್ಲದ ಕೊನಗವಳ್ಳಿಯ ಲಂಕೇಶರ ‘ಹುಳಿ ಮಾವಿನ ಮರ’, ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಅಂಥವು. ಇವುಗಳನ್ನು ಓದಿದವರ ಕೈ ತನ್ನಷ್ಟಕ್ಕೆ ತಾನೇ ನಡೆದದ್ದನ್ನು ಬರೆಯಲು ಶುರುಮಾಡುತ್ತದೆ, ಮತ್ತೆ ಹತೋಟಿಗೆ ತರುವುದು ಕಷ್ಟ. ಹೊದಿಗೆರೆಯಲ್ಲೇ ಹುಟ್ಟಿದ ಎಚ್.ಎಸ್. ವೆಂಕಟೇಶಮೂರ್ತಿಯವರನ್ನು ಹೊಗಳೋಣವೆಂದರೆ, 2020ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು ತಮ್ಮ ಪುಸ್ತಕಕ್ಕೆ ‘ಅನಾತ್ಮ ಕಥನ’ ಎಂದು ಹೆಸರಿಟ್ಟುಬಿಟ್ಟರು. ಆತ್ಮವನ್ನೇ ಬಿಟ್ಟರೆ ಬಿಡುಗಡೆಯ ದಿನ ಶಾಲು ಯಾರಿಗೆ ಹೊದಿಸಬೇಕು?

ಈ ಚಾಳಿ ಪರದೇಶದಲ್ಲೂ ಇದೆ. ಫ್ರಾನ್ಸಿನ ಮೊಂಟೇನ್ 1571ರಲ್ಲಿ, ಇನ್ನೂ 38 ವರ್ಷಕ್ಕೇ, ಕೆಲಸ ಬಿಟ್ಟು ತನ್ನ ಗೋಪುರದ ಕೋಣೆ ಸೇರಿಕೊಂಡ. ಅರವತ್ತರ ನಿಯಮ ಅಲ್ಲೇ ಮುರಿಯಿತು. ಆಮೇಲೆ ಬರೆದದ್ದಾದರೂ ಏನು? ತಾನು ಹೇಗೆ ಊಟ ಮಾಡುತ್ತೇನೆ, ಮೂತ್ರದ ಕಲ್ಲು ಹೇಗೆ ಕಾಡುತ್ತದೆ ಎಂದು. ಕಲ್ಲಿನ ಬಾಧೆ ನಮ್ಮ ಸೀಮೆಯಲ್ಲಿ ಏನು ಕಮ್ಮಿಯೇ? ಯಾರಾದರೂ ಪುಸ್ತಕ ಮಾಡಿದ್ದಾರೆಯೇ? ಬಾಳೆದಿಂಡಿನ ರಸ ಕುಡಿದು ಸುಮ್ಮನಿದ್ದಾರೆ.

ದಿನಚರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಬರೆಯಿರಿ ಎಂದು ಪಟ್ಟಣದ ತಜ್ಞರು ಹೇಳುತ್ತಾರೆ. ಆ ಹೊತ್ತಿಗೆ ಇಲ್ಲಿ ತ್ರೀ ಫೇಸ್ ಕರೆಂಟು ಬಂದಿರುತ್ತದೆ, ಬರೆಯಬೇಕಾದವನು ಟಾರ್ಚು ಹಿಡಿದು ಮೋಟರು ಹಾಕಲು ಹೋಗಿರುತ್ತಾನೆ. ವಿಮೆ ಏಜೆಂಟರು ಕೊಡುವ ಡೈರಿ ಸಾಕು, ದಿನಾಂಕ ಹಳೆಯದಾದರೂ ನಡೆಯುತ್ತದೆ. ಮುನ್ನುಡಿ, ಬೆನ್ನುಡಿ, ಆಶೀರ್ವಚನ, ಶುಭ ಸಂದೇಶಗಳನ್ನು ಮೊದಲೇ ಸಂಗ್ರಹಿಸಿಟ್ಟುಕೊಳ್ಳಿ. ಅವೆಲ್ಲ ಕೂಡಿದರೆ ಪುಸ್ತಕದ ಅರ್ಧ ಭಾಗ ಆಗಿಹೋಗಿ, ಬದುಕಿಗೆ ಉಳಿಯುವ ಪುಟಗಳ ಮೇಲಿನ ಒತ್ತಡ ತಗ್ಗುತ್ತದೆ.

ಮೇಲೆ ಹೇಳಿದ ರೈತರು ಕೊನೆಗೂ ಶಿಬಿರದ ಶಿಸ್ತು ಮೀರಿದರು. ನಾನು ತಿದ್ದಿದ ಪ್ರತಿಯನ್ನು ಚೆನ್ನಾಗಿ ಮಡಚಿ ಜೇಬಿಗಿಟ್ಟುಕೊಂಡು, ತಮ್ಮ ಹಳೇ ಹಾಳೆಯನ್ನು ಮಾರುಕಟ್ಟೆ ಪಕ್ಕದ ಚಹಾದಂಗಡಿಯಲ್ಲಿ ಓದಿದರಂತೆ. ಅಲ್ಲಿ ಕೂತಿದ್ದ ಮುದಿ ಹಮಾಲರೊಬ್ಬರು ಲೋಟ ಕೆಳಗಿಟ್ಟು, “ಎಂಟಲ್ಲ ಮಾರಾಯ, ಒಂಬತ್ತು. ಒಂದು ಚೀಲ ಹರ್ದಿತ್ತು, ಅದಕ್ಕೇ ಕಾಳು ಉದುರಿದ್ದು. ಹೊಲಿಯಾಕೆ ದಬ್ಬಣ ಕೊಟ್ಟೋನು ನಾನೇ” ಎಂದರಂತೆ. ಇನ್ನೊಬ್ಬರು ಆ ವರ್ಷದ ರೇಟು ಹೇಳಿದರು, ಮತ್ತೊಬ್ಬರು ಅಲ್ಲ ಎಂದರು. ಚಹಾ ಮೂರು ಸಲ ತರಿಸಬೇಕಾಯಿತು. ನಾನು ಭಾಗವಹಿಸಿದ ಯಾವ ಸಾಹಿತ್ಯ ಸಭೆಯಲ್ಲೂ ಕೇಳುಗರು ಎದ್ದು ಚೀಲ ಎಣಿಸಿದ್ದಿಲ್ಲ. ಈಗ ಅವರು ಹಾಳೆಯಲ್ಲಿ ಎಂಟನ್ನು ಹೊಡೆದು ಒಂಬತ್ತು ಮಾಡಿದ್ದಾರೆ, ದಬ್ಬಣದ ಮೇಲೆ ಇನ್ನೊಂದು ಪುಟ ಬರೆಯುತ್ತಿದ್ದಾರೆ, ನನ್ನ ಫೋನು ಎತ್ತುತ್ತಿಲ್ಲ. ಶಿಬಿರದ ಶುಲ್ಕ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ.