ಎಂಟನೇ ಪದ್ಯಕ್ಕೆ ಮೂಳೆ

ಮೊನ್ನೆ ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗ, "ಸರ್, ಶನಿವಾರ ಬೆಳಿಗ್ಗೆ ಫ್ರೀ ಇದ್ದೀರಾ?" ಅಂತ ಕೇಳಿದ. "ಇಲ್ಲಪ್ಪ, ಶನಿವಾರ ಎಣ್ಣೆ" ಅಂದೆ. ಮೂರು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ನನ್ನ ಬಗ್ಗೆ ಒಂದಿಷ್ಟು ಗೌರವ ಮೂಡಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಬೆಳಬೆಳಿಗ್ಗೇನೇ? ಎಲ್ಲಿ ಸರ್?" ಅಂದ.

"ಮನೇಲೇ. ಬಚ್ಚಲಲ್ಲಿ."

"ಮೇಡಂ ಏನೂ ಅನ್ನಲ್ವಾ?"

"ಅವಳೇ ಬಿಸಿ ಮಾಡಿ ಕೊಡ್ತಾಳೆ."

ಹುಡುಗ ಒಂದು ಕ್ಷಣ ಯೋಚಿಸಿ, "ರಮ್ಮಾ ಸರ್?" ಅಂದ.

"ಹರಳೆಣ್ಣೆ" ಅಂದೆ. ಗೌರವ ಬಂದ ದಾರಿಯಲ್ಲೇ ವಾಪಸು ಹೋಯಿತು.

ತಪ್ಪು ಅವನದಲ್ಲ, ಪದದ್ದು. ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು, ಬಾಯಲ್ಲಿ ಸವೆದು ಎಣ್ಣೆಯಾಯಿತು. ಸಂಸ್ಕೃತದಲ್ಲೂ ತಿಲದಿಂದಲೇ ತೈಲ. ಆಮೇಲೆ ಕೊಬ್ಬರಿಯದೂ ಎಣ್ಣೆ, ಹರಳಿನದೂ ಎಣ್ಣೆ, ಸೀಮೆಯಿಂದ ಬಂದದ್ದೂ ಎಣ್ಣೆ ಅಂತಾಗಿ, ಪಾಪ, ಎಳ್ಳು ತನ್ನ ಸ್ವಂತ ಮನೆಯ ಬಾಗಿಲಲ್ಲೇ 'ಎಳ್ಳೆಣ್ಣೆ' ಎಂದು ಎರಡೆರಡು ಸಲ ಹೆಸರು ಹೇಳಿ ಒಳಗೆ ಹೋಗಬೇಕಾಯಿತು. ಈಗ ಬಾರಿನವರೂ ಆ ಮನೆಗೆ ಬಂದು ಸೇರಿದ್ದಾರೆ.

ನಮ್ಮ ಅಜ್ಜಿಗೆ ಈ ಹೊಸ ಅರ್ಥ ತಿಳಿಯದೆ ಹೋದದ್ದು ಒಳ್ಳೆಯದೇ ಆಯಿತು. ಅರಸೀಕೆರೆ ಕಡೆಯ ನಮ್ಮ ಮನೆಯಲ್ಲಿ ಶುಕ್ರವಾರದ ಎಣ್ಣೆ ಹೆಂಗಸರದು, ಶನಿವಾರದ್ದು ಗಂಡಸರದು. ಶನಿವಾರ ಊರಿನ ಶನಿಮಹಾತ್ಮನಿಗೂ ಎಣ್ಣೆ, ನನಗೂ ಎಣ್ಣೆ. ಅವನು ಕಲ್ಲಾಗಿದ್ದರಿಂದ ಓಡಿಹೋಗುತ್ತಿರಲಿಲ್ಲ. ನಾನು ಓಡುತ್ತಿದ್ದೆ.

ಬೆಳಿಗ್ಗೆ ಐದೂವರೆಗೆ ಬಚ್ಚಲೊಲೆ ಹೊತ್ತಿಕೊಳ್ಳುತ್ತಿತ್ತು. ತೆಂಗಿನ ಸೀಮೆಯಾದ್ದರಿಂದ ಸೌದೆಗೆ ಬರವಿಲ್ಲ. ಗರಿ, ಮಟ್ಟೆ, ಚಿಪ್ಪು, ಎಲ್ಲವೂ ಹಂಡೆಯ ಕೆಳಗೇ. ಮಸಿ ಹಿಡಿದ ಆ ತಾಮ್ರದ ಹಂಡೆಗೆ ವರ್ಷಕ್ಕೊಂದು ದಿನ ಮಾತ್ರ ರಾಜಯೋಗ. ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಮಾಲಿಂಗನ ಬಳ್ಳಿ ಕಟ್ಟಿದರೆ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ಮಿಕ್ಕ ದಿನಗಳಲ್ಲಿ ಅದರ ಬಣ್ಣವೂ ನಮ್ಮ ಎಮ್ಮೆಯ ಬಣ್ಣವೂ ಒಂದೇ.

ಅಡುಗೆಮನೆಯಲ್ಲಿ ಅಜ್ಜಿ ಕಬ್ಬಿಣದ ಸೌಟಿನಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ತಲೆಗೆ ಹರಳೆಣ್ಣೆ, ಮೈಗೆ ಎಳ್ಳೆಣ್ಣೆ. ಮೈಯ ಎಣ್ಣೆಗೆ ನಾಲ್ಕು ಮೆಣಸಿನಕಾಳು, ಒಂದು ಚಿಟಿಕೆ ಜೀರಿಗೆ. ಅವು ಚಟಪಟ ಅನ್ನುವವರೆಗೂ ನನಗೆ ಜೀವದಾನ. ಸದ್ದು ನಿಂತಿತೆಂದರೆ ಕರೆ ಬಂತೆಂದೇ ಅರ್ಥ. "ಬಾರೋ, ಆರೋಗತ್ತೆ!" ಎಣ್ಣೆ ಆರಿಹೋಗುತ್ತದೆ ಎಂದು ಹೇಳುತ್ತಿದ್ದಳೇ ಹೊರತು, ನಾನು ಬೆಂದುಹೋಗುತ್ತೇನೆ ಎಂಬ ಚಿಂತೆ ಅವಳಿಗೆ ಒಂದು ದಿನವೂ ಬರಲಿಲ್ಲ.

ಹಳೆಯ ಚೌಕ ಸುತ್ತಿ ಮಣೆಯ ಮೇಲೆ ಕೂರಿಸಿ, ಮೊದಲು ನೆಲಕ್ಕೆ ಏಳು ಬೊಟ್ಟು ಎಣ್ಣೆ ಇಡುತ್ತಿದ್ದಳು. ಏಳು ಜನ ಚಿರಂಜೀವಿಗಳ ಪಾಲು ಅದು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ನನ್ನ ಆಯುಸ್ಸು ಗಟ್ಟಿಯಾಗಲೆಂದು ಇವರಿಗೆಲ್ಲ ಲಂಚ. ಪಟ್ಟಿಯಲ್ಲಿ ಅಶ್ವತ್ಥಾಮ ಮೊದಲಿಗೆ ಯಾಕೆ, ಅಂಥ ಕೆಲಸ ಮಾಡಿದವನಿಗೆ ನಾವೇಕೆ ಎಣ್ಣೆ ಕೊಡಬೇಕು ಎಂದು ಕೇಳಿ ಬೈಸಿಕೊಂಡಿದ್ದೆ. ಬಹಳ ವರ್ಷದ ಮೇಲೆ ನರ್ಮದೆಯ ಕಡೆಯ ಒಂದು ಕತೆ ಓದಿದೆ. ಹಣೆಯ ಮಣಿ ಕಿತ್ತ ಗಾಯ ಮಾಯದೆ, ಅದಕ್ಕೆ ಹಚ್ಚಲು ಎಣ್ಣೆ ಕೇಳುತ್ತಾ ಅಶ್ವತ್ಥಾಮ ಇನ್ನೂ ಅಲೆಯುತ್ತಿದ್ದಾನಂತೆ. ಹಾಗಿದ್ದರೆ ಮೊದಲ ಬೊಟ್ಟು ಅವನಿಗೇ ಸಲ್ಲಬೇಕು. ಉಳಿದ ಆರು ಜನಕ್ಕೆ ಅಂಥ ತುರ್ತೇನೂ ಇಲ್ಲ.

ಆಮೇಲೆ ಶುರು. ನೆತ್ತಿಯ ಮೇಲೆ ಅಂಗೈಯಷ್ಟು ಹರಳೆಣ್ಣೆ ಸುರಿದು ತಪತಪ ತಟ್ಟುವಳು. ಹರಳೆಣ್ಣೆಯದು ಹಟಮಾರಿ ಸ್ವಭಾವ. ಹಣೆಯಿಂದ ಇಳಿಯುವಾಗಲೂ ಅವಸರವಿಲ್ಲ, ಮಾರನೆಯ ಶನಿವಾರದವರೆಗೂ ದಿಂಬು ಬಿಟ್ಟು ಹೋಗುವುದಿಲ್ಲ. ಕಿವಿಗೆ ಎರಡೆರಡು ತೊಟ್ಟು, ಹೊಕ್ಕುಳಿಗೆ ಒಂದು, ಅಂಗಾಲಿಗೆ ಧಾರಾಳ. ತಲೆ, ಕಿವಿ, ಪಾದ ಇವಕ್ಕೆ ವಿಶೇಷವಾಗಿ ಹಚ್ಚಬೇಕು ಎಂದು ವಾಗ್ಭಟ ಅಷ್ಟಾಂಗಹೃದಯದ ದಿನಚರಿಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅಜ್ಜಿ ವಾಗ್ಭಟನನ್ನು ಓದಿರಲಿಲ್ಲ. ಅವಳಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತಿತ್ತು.

ಅವಳು ಓದಿರಲಿಲ್ಲ ಸರಿ, ನಾನಾದರೂ ಓದಬೇಕಿತ್ತು. ಅಜೀರ್ಣವಾದವರು, ಕಫ ಕಟ್ಟಿದವರು ಎಣ್ಣೆ ಹಚ್ಚಿಕೊಳ್ಳಬಾರದು ಎಂದು ಅದೇ ಅಧ್ಯಾಯದಲ್ಲಿದೆ. ಶಾಸ್ತ್ರಸಮ್ಮತವಾದ ಇಂಥ ರಿಯಾಯಿತಿ ಇರುವಾಗ ನಾನು ಸುಮ್ಮನೆ ಹಿತ್ತಲ ಬಾಗಿಲಿನಿಂದ ಓಡುತ್ತಿದ್ದೆ. ಒಂದು ಸಲ ಮಾತ್ರ ಅರಿಯದೆ ಸರಿಯಾದ ಕಾನೂನನ್ನೇ ಎತ್ತಿ, "ಅಜ್ಜೀ, ಹೊಟ್ಟೆನೋವು" ಅಂದೆ. "ಹಂಗಾರೆ ಒಳಕ್ಕೇ ತಗೋ" ಎಂದು ಅದೇ ಹರಳೆಣ್ಣೆಯನ್ನು ಕಾಫಿಗೆ ಬೆರೆಸಿ ಕುಡಿಸಿದಳು. ಆ ದಿನದ ಉಳಿದ ಸಂಗತಿ ಲಲಿತ ಪ್ರಬಂಧಕ್ಕೆ ತಕ್ಕುದಲ್ಲ.

ಅರ್ಧ ಎಣ್ಣೆಯಾದ ಮೇಲೆ ಓಡುವುದು ಇನ್ನೂ ಲೇಸು, ಯಾಕೆಂದರೆ ಹಿಡಿದರೆ ಜಾರುತ್ತಿದ್ದೆ. ಅಜ್ಜಿ ತೋಳು ಹಿಡಿದರೆ ಮಣಿಕಟ್ಟು ಸಿಗುತ್ತಿತ್ತು, ಮಣಿಕಟ್ಟು ಹಿಡಿದರೆ ಗಾಳಿ. ಆದರೆ ಓಡಿ ಎಲ್ಲಿಗೆ ಹೋಗುವುದು? ಜಗುಲಿಯ ಮೇಲೆ ಕೂರುವ ಹಾಗಿಲ್ಲ, ಕಂಬ ಮುಟ್ಟುವ ಹಾಗಿಲ್ಲ, ಬೀದಿಗಿಳಿದರೆ ಧೂಳೆಲ್ಲ ಮೈಗೆ. ಐದು ನಿಮಿಷದಲ್ಲಿ ನಾನೇ ಹಿಂತಿರುಗಿ ಬಚ್ಚಲ ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ.

ಈ 'ಹಾಗಿಲ್ಲ'ಗಳೇ ಎಣ್ಣೆಸ್ನಾನದ ಸುಖ ಎಂದು ಗೊತ್ತಾಗಲು ನನಗೆ ನಲವತ್ತು ವರ್ಷ ಹಿಡಿಯಿತು. ನಮ್ಮದು ಯಾರೂ ಸುಮ್ಮನೆ ಕೂರಬಾರದ ಮನೆ. ಕೂತರೆ ಅವರೆಕಾಯಿ ಮುಂದೆ ಬರುತ್ತಿತ್ತು, ನಿಂತರೆ ಕೊಡ. ಎಣ್ಣೆ ಹಚ್ಚಿಕೊಂಡವನಿಗೆ ಮಾತ್ರ ಯಾರೂ ಕೆಲಸ ಹೇಳುವ ಹಾಗಿಲ್ಲ. ಅವನು ಪುಸ್ತಕ ಮುಟ್ಟಬಾರದು, ಕಾಳಿನ ಮೊರ ಮುಟ್ಟಬಾರದು, ಅಂಗಡಿಗೆ ಹೋಗಲಾರ. ತಾತ ಕೌಪೀನದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು, ಹಿತ್ತಲ ಬಂಡೆಯ ಮೇಲೆ ಮುಕ್ಕಾಲು ಗಂಟೆ ಏನೂ ಮಾಡದೆ ಕೂತಿರುತ್ತಿದ್ದರು. ವಾರದ ಉಳಿದ ದಿನಗಳಲ್ಲಿ ಅವರು ಕೂತಿದ್ದನ್ನು ನಾನು ಕಂಡಿಲ್ಲ.

ತಾತನಿಗೆ ಎಣ್ಣೆಯಾದ ದಿನವೇ ಗಾಡಿಗೂ ಎಣ್ಣೆ. ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗುತ್ತಿತ್ತು. ಸುಟ್ಟ ಹುಲ್ಲಿನ ಕರಿ ಕಲಸಿದ ಹರಳೆಣ್ಣೆ. ಗಾಲಿ ಕಳಚಿ ಅಚ್ಚಿಗೆ ಬಳಿದು, ಒಂದು ಸುತ್ತು ತಿರುಗಿಸಿ, ಕಿರ್ ಎನ್ನದಿದ್ದರೆ ತಲೆಯಾಡಿಸುವರು. ಚರಕಸಂಹಿತೆಯಲ್ಲಿ ಎಣ್ಣೆ ತಿಕ್ಕಿದ ಮೈಗೆ ಮೂರು ಹೋಲಿಕೆಗಳಿವೆ. ಎಣ್ಣೆ ಕುಡಿದ ಮಡಕೆ, ಎಣ್ಣೆ ಉಂಡ ತೊಗಲು, ಎಣ್ಣೆ ಬಿಟ್ಟ ಬಂಡಿಯ ಅಚ್ಚು. ಚರಕನಿಗೂ ನಮ್ಮ ತಾತನಿಗೂ ಈ ವಿಷಯದಲ್ಲಿ ಮಾತುಕತೆ ನಡೆದಿರಬೇಕು ಎಂದೇ ನನ್ನ ಅನುಮಾನ.

ಎಷ್ಟು ಹೊತ್ತು ನೆನೆಯಬೇಕು? ಅಜ್ಜಿಯ ಲೆಕ್ಕ, ಹಂಡೆ ಗುಂಯ್ ಎನ್ನುವವರೆಗೆ. ಸುಶ್ರುತಸಂಹಿತೆಯ ವ್ಯಾಖ್ಯಾನಕಾರ ಡಲ್ಹಣನ ಲೆಕ್ಕ ಇದಕ್ಕಿಂತ ಕರಾರುವಾಕ್ಕು. ತಿಕ್ಕಿದ ಎಣ್ಣೆ 300 ಮಾತ್ರೆಯ ಹೊತ್ತಿಗೆ ಕೂದಲ ಬುಡಕ್ಕೆ, 400ಕ್ಕೆ ಚರ್ಮಕ್ಕೆ, 500ಕ್ಕೆ ರಕ್ತಕ್ಕೆ, ಹೀಗೆ ನೂರು ನೂರು ಏರುತ್ತಾ ಮಾಂಸ, ಮೇದಸ್ಸು ದಾಟಿ 800ಕ್ಕೆ ಮೂಳೆಗೆ, 900ಕ್ಕೆ ಮಜ್ಜೆಗೆ ಇಳಿಯುತ್ತದೆ ಎನ್ನುತ್ತಾನೆ. ಇದು ನುಂಗುವ ಮಾತ್ರೆಯಲ್ಲ, ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು. ಕನ್ನಡ ಮೇಷ್ಟ್ರು ಕೈಮೇಲೆ ಬಾರಿಸಿ ಕಲಿಸಿದ ಛಂದಸ್ಸಿನ ಮಾತ್ರೆ. ಎಣ್ಣೆ ನಿಜಕ್ಕೂ ಮಜ್ಜೆಯವರೆಗೆ ಹೋಗುತ್ತದೆಯೋ ಇಲ್ಲವೋ, ಈಗಿನ ಡಾಕ್ಟರು ಮುಖ ಸಿಂಡರಿಸುತ್ತಾರೆ. ನನಗೆ ಆ ಜಗಳ ಬೇಡ. ನನಗೆ ಹಿಡಿಸಿದ್ದು ಗಡಿಯಾರ. ಭಾಮಿನಿ ಷಟ್ಪದಿಯ ನಾಲ್ಕು ಸಣ್ಣ ಸಾಲುಗಳಿಗೆ ತಲಾ 14, ಎರಡು ದೊಡ್ಡ ಸಾಲುಗಳಿಗೆ ತಲಾ 23, ಒಟ್ಟು 102 ಮಾತ್ರೆ. ಅಂದಮೇಲೆ ಕುಮಾರವ್ಯಾಸನ ಮೂರು ಪದ್ಯಕ್ಕೆ ಕೂದಲ ಬುಡ, ಎಂಟಕ್ಕೆ ಮೂಳೆ, ಒಂಬತ್ತಕ್ಕೆ ಮಜ್ಜೆ. ನನಗೆ ಬಾಯಿಪಾಠ ಇರುವುದು ಉತ್ತರಕುಮಾರನ ಪ್ರಸಂಗ. ಅವನು ರಥದಿಂದ ಧುಮುಕಿ ಓಡುವ ಹೊತ್ತಿಗೆ ಎಣ್ಣೆ ಇನ್ನೂ ಮಾಂಸದಲ್ಲೇ ಇರುತ್ತದೆ. ಅವನ ಓಟದ ಬಗ್ಗೆ ನನಗೆ ಸಹಾನುಭೂತಿಯಿದೆ. ಅವನನ್ನು ಹಿಡಿಯಲು ಬಂದದ್ದು ಬರೀ ಅರ್ಜುನ.

ಹಂಡೆ ಗುಂಯ್ ಎಂದ ಮೇಲೆ ನೀರು. ಬಿಸಿನೀರು ಕುತ್ತಿಗೆಯಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೇಡು ಎಂದು ವಾಗ್ಭಟ ಎಚ್ಚರಿಸಿದ್ದಾನೆ. ಈ ಒಂದು ವಿಷಯದಲ್ಲಿ ಅಜ್ಜಿಯದು ಬೇರೆ ಸಂಪ್ರದಾಯ. ಕುದಿಯುವುದಕ್ಕೆ ಒಂದು ಮೆಟ್ಟಿಲು ಕೆಳಗಿನ ನೀರನ್ನು ಚೊಂಬುಚೊಂಬಾಗಿ ನೆತ್ತಿಗೇ ಹುಯ್ಯುತ್ತಿದ್ದಳು. ಇವತ್ತಿನ ನನ್ನ ಕನ್ನಡಕ ಮತ್ತು ಬೋಳುತಲೆಯನ್ನು ನೋಡಿದರೆ ವಾಗ್ಭಟನಿಗೆ ಸಮಾಧಾನವಾದೀತು. ಆಮೇಲೆ ಸೀಗೆಪುಡಿ, ಚಿಗರೆಪುಡಿ. ಒಗ್ಗದ ಇಬ್ಬರನ್ನು ನಾವು ಎಣ್ಣೆ-ಸೀಗೆಕಾಯಿ ಎನ್ನುತ್ತೇವೆ, ಆದರೆ ಬಚ್ಚಲಲ್ಲಿ ಅವರಷ್ಟು ಹೊಂದಿಕೊಂಡು ಕೆಲಸ ಮಾಡುವವರು ಇನ್ನಿಲ್ಲ. ನಾನು ತಪ್ಪಿಸಿಕೊಳ್ಳದ ಹಾಗೆ ಅಜ್ಜಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ನನ್ನ ಕಣ್ಣಲ್ಲಿ ಸೀಗೆಪುಡಿ. ಎಲ್ಲ ಮುಗಿದು ಮೆಣಸಿನ ಸಾರು, ಅನ್ನ, ತುಪ್ಪ. ತೂಕಡಿಕೆ ಬಂದರೆ ಮಲಗುವ ಹಾಗಿಲ್ಲ, "ಎಣ್ಣೆ ನೀರು ಹಾಕ್ಕೊಂಡು ಹಗಲು ಮಲಗ್ತಾರೇನೋ!"

ಹೋದ ವರ್ಷ ಸೊಂಟ ಹಿಡಿದುಕೊಂಡಾಗ ಮಗಳು ಒಂದು ಆಯುರ್ವೇದ ಕೇಂದ್ರದಲ್ಲಿ ಅಭ್ಯಂಗಕ್ಕೆ ದುಡ್ಡು ಕಟ್ಟಿಬಂದಳು. ನಾವು ಅಭ್ಯಂಜನ ಎನ್ನುತ್ತಿದ್ದೆವು; ಒಂದಕ್ಷರ ಕಡಿಮೆಯಾಗಿ ಸಾವಿರಾರು ರೂಪಾಯಿ ಹೆಚ್ಚಾಗಿದೆ. ಒಳಗೆ ಕೊಳಲಿನ ಸಂಗೀತ, ಲಾವಂಚದ ವಾಸನೆ. ಕಾಗದಕ್ಕಿಂತ ತುಸು ಗಟ್ಟಿಯಾದ ಒಂದು ಲಂಗೋಟಿ ಕೊಟ್ಟರು. ಮಲಗಬೇಕಾದದ್ದು ಉದ್ದನೆಯ ಮರದ ಹಲಗೆಯ ಮೇಲೆ. ಸುತ್ತಲೂ ಅಂಚು, ಎಣ್ಣೆ ಹರಿಯಲು ಕಾಲುವೆ. ಅದಕ್ಕೆ ದ್ರೋಣಿ ಎಂದು ಹೆಸರು. ಅಶ್ವತ್ಥಾಮನಿಗೆ ದ್ರೌಣಿ ಎಂಬ ಹೆಸರಿರುವುದು ನೆನಪಾಗಿ, ಏಳು ಬೊಟ್ಟು ಇಡುತ್ತಾರೇನೋ ಎಂದು ನೋಡಿದೆ. ಇಡಲಿಲ್ಲ.

ಇಬ್ಬರು ಬಂದು ಅತ್ತಿತ್ತ ನಿಂತರು, ಪಾಲಕ್ಕಾಡ್ ಕಡೆಯವರು. ಒಬ್ಬರ ಕೈ ಎಡಭುಜದಿಂದ ಹೊರಟರೆ ಇನ್ನೊಬ್ಬರದು ಬಲಭುಜದಿಂದ. ಎರಡೂ ಒಂದೇ ಗಳಿಗೆಗೆ ಬೆರಳ ತುದಿ ತಲುಪುತ್ತಿದ್ದವು. ಗಂಟುಗಳ ಮೇಲೆ ಸುತ್ತು, ಮೂಳೆಯ ಉದ್ದಕ್ಕೆ ಎಳೆತ. ಕೈ ಒಳ್ಳೆಯ ಕೈ, ಅದರಲ್ಲಿ ಎರಡು ಮಾತಿಲ್ಲ. ಹಿರಿಯರು ಎಣ್ಣೆ ಕಾಯಿಸುವ ಗುಟ್ಟನ್ನೂ ಹೇಳಿದರು. ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು, ಕಷಾಯವೋ ಹಾಲೋ ಹದಿನಾರು. ನೀರಿನಂಶ ಹೋಯಿತೇ ಎಂದು ತಿಳಿಯಲು, ತಳದ ಚರಟವನ್ನು ಬತ್ತಿಯ ಹಾಗೆ ಹೊಸೆದು ಬೆಂಕಿಗೆ ಹಿಡಿಯಬೇಕು. ಚಟಪಟ ಎಂದರೆ ಇನ್ನೂ ಇಲ್ಲ, ಸದ್ದಿಲ್ಲದೆ ಉರಿದರೆ ಪಾಕ ಬಂತು. ಕ್ಷೀರಬಲಾ ತೈಲವನ್ನು ಹೀಗೆ 101 ಸಲ ಕಾಯಿಸುವುದೂ ಉಂಟು. ಅಲ್ಲೇ ಮಲಗಿ ಅಜ್ಜಿಯ ಸೌಟಿನ ಮೆಣಸನ್ನು ನೆನೆದೆ. ಅವಳದು ಒಂದೇ ಆವರ್ತಿ, ಆದರೂ ಕಿವಿಯ ಪರೀಕ್ಷೆ ಅದೇ.

ನನಗೆ ಒಗ್ಗದ್ದು ಒಂದೇ. ಐದು ನಿಮಿಷಕ್ಕೊಮ್ಮೆ ಕಿರಿಯರು ಬಗ್ಗಿ, "ಪ್ರೆಷರ್ ಸಾಕಾ ಸಾರ್?" ಎನ್ನುತ್ತಿದ್ದರು. ಎಣ್ಣೆ ಹಚ್ಚುವವರು ಹಚ್ಚಿಸಿಕೊಳ್ಳುವವನ ಅಭಿಪ್ರಾಯ ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಗಾಬರಿಯಾಗಿ ಪ್ರತಿ ಸಲವೂ "ಸಾಕು ಸಾಕು" ಎಂದುಬಿಟ್ಟೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಹಾಗಾಯಿತು. ಮುಕ್ಕಾಲು ಗಂಟೆಗೆ ಸರಿಯಾಗಿ ಎಲ್ಲೋ ಗಂಟೆ ಬಾರಿಸಿತು, ಮುಂದಿನವರು ಕಾಯುತ್ತಿದ್ದರು.

ಅದಕ್ಕೇ ಈಗ ಮನೆಯ ಶನಿವಾರ. ಬಚ್ಚಲಿನ ಟೈಲ್ಸ್ ಮೇಲೆ ಜಾರಿ ಬಿದ್ದರೆ ಸೊಂಟದ ಉಳಿದ ಭಾಗವೂ ಹೋಗುತ್ತದೆಂದು ಹೆಂಡತಿ ಗೋಣಿತಾಟು ಹಾಸಿಕೊಟ್ಟಿದ್ದಾಳೆ. ಮಣೆಯ ಬದಲು ಪ್ಲಾಸ್ಟಿಕ್ ಸ್ಟೂಲು. ನೆಲಕ್ಕೆ ಏಳು ಬೊಟ್ಟು ಇಟ್ಟು, ಬೋಳುತಲೆಗೆ ನಾನೇ ತಟ್ಟಿಕೊಳ್ಳುತ್ತೇನೆ. ಹರಳೆಣ್ಣೆ ಹಿಂದಿಗಿಂತ ಬಹಳ ಕಡಿಮೆ ಸಾಕಾಗುತ್ತದೆ. ಫೋನು ಹೊಡೆದುಕೊಂಡರೂ ಚಿಂತೆಯಿಲ್ಲ. ಎಣ್ಣೆ ಬೆರಳು ಒತ್ತಿದರೆ ಅದು ನನ್ನನ್ನು ಯಾರೋ ಏನೋ ಎಂದುಕೊಂಡು ಬಾಗಿಲನ್ನೇ ತೆಗೆಯುವುದಿಲ್ಲ. ಬ್ಯಾಂಕಿನವರೂ ನನ್ನನ್ನು ಮುಟ್ಟಲಾರದ ಹೊತ್ತು ಅದು. ಕಣ್ಣು ಮುಚ್ಚಿಕೊಂಡು ಸಣ್ಣ ದನಿಯಲ್ಲಿ ಉತ್ತರಕುಮಾರನನ್ನು ಶುರು ಮಾಡುತ್ತೇನೆ.

ತೊಂದರೆಯೆಲ್ಲ ಗೀಸರಿನದು. ಹದಿನೈದು ಲೀಟರಿನ ಡಬ್ಬಕ್ಕೆ ಹಂಡೆಯ ಧೈರ್ಯ ಎಲ್ಲಿಂದ ಬರಬೇಕು? ಮೊನ್ನೆ ತಲೆಯ ತುಂಬ ಸೀಗೆಪುಡಿ ಇರುವಾಗಲೇ ನಲ್ಲಿಯಲ್ಲಿ ಐಸಿನಂಥ ನೀರು ಬಂತು. ಗ್ಯಾಸಿನ ಮೇಲೆ ಒಂದು ಪಾತ್ರೆ ಇಡು ಎಂದು ಕೂಗಿದೆ. ಆದ್ದರಿಂದ ಈ ಶನಿವಾರ ಅವಳು ಮೊದಲೇ ಬಾಗಿಲ ಹೊರಗೆ ಬಂದು ನಿಂತಳು.

"ರೀ, ಗೀಸರ್ ಆನ್ ಮಾಡ್ಲಾ? ಎಷ್ಟನೇ ಪದ್ಯ?"

"ಏಳು ಮುಗೀತು."

"ಎಲ್ಲಿಗೆ ಬಂತು?"

"ಮೂಳೆ ಹತ್ರ."

"ಸರಿ, ಇನ್ನೆರಡು ನಿಧಾನಕ್ಕೆ ಹೇಳಿ. ಕರೆಂಟ್ ಹೋಗಿದೆ."