ಓತ್ಲಾಮಣಿದರ್ಪಣ

ಪೀಠಿಕೆ: 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ಸಮಾಸ, ಧಾತುಗಳನ್ನೆಲ್ಲ ವಿವರಿಸಿದನಾದರೂ ಮೈಸೂರು ವಿಶ್ವವಿದ್ಯಾನಿಲಯದ ಹುಡುಗರ ಭಾಷೆಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ ಎಂಬ ನೆಪವನ್ನು ನಾವು ಒಪ್ಪುವುದಿಲ್ಲ. ಆ ಕೊರತೆ ನೀಗಲೆಂದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಕ್ಲಾಸಿನ ಹೊತ್ತಿನಲ್ಲೇ ಕೂತು, ಈ ಶಾಸ್ತ್ರವನ್ನು ರಚಿಸಲಾಗಿದೆ.

ಸಂಧಿ ಪ್ರಕರಣ: ಸಂಧಿಗಳು ಮೂರು. ಇರಬೇಕಾದವನು ಇಲ್ಲದಿರುವುದು ಲೋಪ. ರೂಢಿಯಲ್ಲಿ ‘ಓತ್ಲಾ’, ‘ಚಕ್ಕರ್’. ಕುವೆಂಪು ಇಟ್ಟ ‘ಮಾನಸಗಂಗೋತ್ರಿ’ ಎಂಬ ಹೆಸರಿನಲ್ಲಿ ಮಾನಸವನ್ನು ಲೋಪ ಮಾಡಿ ಬರೀ ‘ಗಂಗೋತ್ರಿ’ ಎನ್ನುವುದು ಇದಕ್ಕೆ ಶ್ರೇಷ್ಠ ಉದಾಹರಣೆ. ಇಲ್ಲದವನ ಜಾಗದಲ್ಲಿ ಇನ್ನೊಬ್ಬ ‘ಎಸ್ ಸಾರ್’ ಎನ್ನುವುದು ಆದೇಶ, ಅನ್ಯದೇಶ್ಯದಲ್ಲಿ ‘ಪ್ರಾಕ್ಸಿ’. ಪಟ್ಟಿಯಲ್ಲೇ ಇಲ್ಲದವನು ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ನಡುವೆ ಬಂದು ಸೇರುವುದು ಆಗಮ. ಲೋಪ ಶೇ. 25 ಮೀರಿದರೆ ಪರೀಕ್ಷೆಯೇ ಲೋಪವೆಂಬ ಸೂತ್ರವುಂಟು. ಆದೇಶ ಹುಟ್ಟಿದ್ದು ಆ ಸೂತ್ರದ ಭಯದಿಂದ.

ಸಮಾಸ ಪ್ರಕರಣ: ‘ಬೈಟು’ ಕಾಫಿ ದ್ವಿಗು. ದ್ವಿಗುವಿನಲ್ಲಿ ಸಂಖ್ಯೆ ಮೊದಲು ಬರಬೇಕು. ಇಲ್ಲಿ ಕೊನೆಗೆ ಬರುತ್ತದೆ, ದುಡ್ಡು ಕೊಡಬೇಕಾದವನ ಹಾಗೆ.

ಧಾತು ಪ್ರಕರಣ: ಈ ಭಾಷೆಗೆ ಧಾತು ಒಂದೇ: ‘ಹೊಡೆ’. ಬಂಕ್ ಹೊಡೆದು, ರೌಂಡ್ ಹೊಡೆದು, ಲೈನ್ ಹೊಡೆದು, ಕಾಪಿ ಹೊಡೆದು, ಕಡೆಗೆ ಡುಮ್ಕಿ ಹೊಡೆಯುತ್ತಾರೆ. ಇದು ಸಕರ್ಮಕವೋ ಅಕರ್ಮಕವೋ ಎಂಬ ಜಿಜ್ಞಾಸೆ ಇತ್ತು. ಪೆಟ್ಟು ಬೀಳುವುದು ಊರಲ್ಲಿ ಕೂತು ಫೀಸು ಕಟ್ಟುವ ಅಪ್ಪನಿಗಾದ್ದರಿಂದ ಸಕರ್ಮಕವೆಂದೇ ಸಿದ್ಧ.

ಸಂಬೋಧನಾ ಪ್ರಕರಣ: ಗೆಳೆಯನೇ ‘ಮಗಾ’, ಗೆಳೆಯನೇ ‘ಬಾಸು’, ಗೆಳೆಯನೇ ‘ಗುರು’. ಪಾಠ ಹೇಳುವವರಿಗೆ ಮಾತ್ರ ಗುರು ಎನ್ನುವ ವಾಡಿಕೆಯಿಲ್ಲ.

ಆಚಾರ ಪ್ರಕರಣ: ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಎಸ್. ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಎಳೆಯುವ ಸಂಪ್ರದಾಯ ಇಂದಿಗೂ ಅಳಿದಿಲ್ಲ. ಸಾರೋಟು ಸಿಗದ ಕಾರಣ ಮೇಷ್ಟ್ರ ಕಾಲನ್ನು ಎಳೆಯುತ್ತಾರೆ, ಅಷ್ಟೆ.

ಪ್ರಕೃತಿಭಾವ: ಯಾವ ಸಂಧಿಗೂ ಸಿಕ್ಕದೆ ಮೊದಲ ಬೆಂಚಿನಲ್ಲಿ ಇದ್ದ ಹಾಗೇ ಇರುವವನು ‘ಕುಡುಮಿ’. ವರ್ಷವಿಡೀ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಪ್ರತ್ಯಯಗಳೆಲ್ಲ ಓಡಿಬಂದು ಈ ಪ್ರಕೃತಿಗೆ ಅಂಟಿಕೊಂಡು, “ಗುರು, ನೋಟ್ಸ್ ಕೊಡು ಗುರು” ಎನ್ನುತ್ತವೆ. ಈ ಶಾಸ್ತ್ರಕಾರನೂ ಅಂಥದೊಂದು ಪ್ರತ್ಯಯವೇ. ಪ್ರತ್ಯಯಕ್ಕೆ ಸ್ವತಂತ್ರವಾಗಿ ಅರ್ಥವಿಲ್ಲವಂತೆ. ಹಾಗೆಂದು ಕುಡುಮಿಯ ನೋಟ್ಸಿನಲ್ಲಿದೆ.